ಎಸೆಯುವ ಮೊದಲಿನ ಲೆಕ್ಕ

ಗಾಳ ಹಾಕುವವನಿಗೆ ಇರುವ ಒಂದು ಸವಲತ್ತು ಈಟಿ ಹಿಡಿದವನಿಗೆ ಇಲ್ಲ. ಮೀನು ದಡಕ್ಕೆ ಬಂದ ಮೇಲೂ ಗಾಳದವನು ಮನಸ್ಸು ಬದಲಾಯಿಸಬಹುದು. ಚಿಕ್ಕದಾಯಿತು, ಮೊಟ್ಟೆ ತುಂಬಿದೆ, ಇವತ್ತಿಗೆ ಇಷ್ಟು ಸಾಕು ಎಂದು ಕೊಕ್ಕೆ ಬಿಡಿಸಿ ನೀರಿಗೆ ಬಿಡಬಹುದು. ಈಟಿ, ಬಾಣ, ನಮ್ಮ ಮಲೆನಾಡಿನ ಕತ್ತಿ, ಈ ಮೂರಕ್ಕೂ ಅಂಥ ಅವಕಾಶವಿಲ್ಲ. ಪೆಟ್ಟು ಬಿದ್ದ ಮೇಲೆ ಅದು ಮರಿಮೀನೆಂದು ಗೊತ್ತಾಗಿ ಪ್ರಯೋಜನವೇನು?

ಹಾಗಾಗಿ ಈಟಿ ಕ್ರೂರ, ಗಾಳ ಸಭ್ಯ ಎಂದು ಹೇಳುವವರು ಬಹಳ. ಗಾಳಕ್ಕೆ ಸಿಕ್ಕಿ ಅರ್ಧ ಗಂಟೆ ಸೆಣಸಾಡಿ ಸುಸ್ತಾದ ಮೀನನ್ನು ಕೇಳಿದರೆ ಅದು ಒಪ್ಪಲಿಕ್ಕಿಲ್ಲ. ಎರಡರ ನಡುವೆ ನನಗೆ ಕಾಣುವ ವ್ಯತ್ಯಾಸ ಬೇರೆ. ಗಾಳದವನು ಮೀನು ಕೈಗೆ ಸಿಕ್ಕ ಮೇಲೆ ತೀರ್ಮಾನ ಮಾಡುತ್ತಾನೆ, ಈಟಿಯವನದು ಅದಕ್ಕೆ ಮೊದಲೇ ಆಗಿರಬೇಕು. ಆದರೆ ಆ ಮೊದಲು ಎಂದರೆ ಯಾವಾಗ, ಮತ್ತು ಆ ತೀರ್ಮಾನ ಯಾರದು?

ನಮ್ಮ ಕಡೆಯ ಹತ್ತುಮೀನು ಶಿಕಾರಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೃಗಶಿರ ಮಳೆ ಹಿಡಿದು ಹಳ್ಳದಲ್ಲಿ ಕೆನ್ನೀರು ಇಳಿಯಿತೆಂದರೆ ಹೊಳೆಯ ಮೀನು, ಕೆರೆಯ ಮೀನು ಮೊಟ್ಟೆಯಿಡಲು ನೀರಿಗೆದುರಾಗಿ ಹತ್ತತೊಡಗುತ್ತವೆ. ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ, ಒಂದು ಗದ್ದೆಯ ಕಂಡಿಯಿಂದ ಮೇಲಿನ ಗದ್ದೆಗೆ. ಕಂಬಳಿಕೊಪ್ಪೆ ಹಾಕಿಕೊಂಡವರು ಒಂದು ಕೈಯಲ್ಲಿ ಬೆಳಕು, ಇನ್ನೊಂದು ಕೈಯಲ್ಲಿ ಕತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ಸದ್ದು ಮಾಡದೆ ನಡೆಯುತ್ತಾರೆ. ಕೂಣಿ ಎಂಬ ಮೀನಿನ ಬೋನು ಒಡ್ಡುವುದು ಬೇರೆ ವಿದ್ಯೆ. ಒಡ್ಡಿದವನು ಮನೆಗೆ ಹೋಗಿ ಮಲಗಿದರೂ ಕೂಣಿ ಮೀನು ಹಿಡಿಯುತ್ತಿರುತ್ತದೆ. ಕತ್ತಿಗೆ ಮಾತ್ರ ಮನುಷ್ಯ ಎಚ್ಚರವಾಗಿ ಅಲ್ಲೇ ನಿಂತಿರಬೇಕು.

ಚಿಕ್ಕವನಿದ್ದಾಗ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದ ನೆರೆಮನೆಯ ಅಜ್ಜ, "ಕಂಡಲ್ಲಿಗೆ ಹೊಡೀಬೇಡ ಮಾರಾಯ, ಅದರ ಬುಡಕ್ಕೆ ಹೊಡಿ" ಅನ್ನುತ್ತಿದ್ದರು. ಅದರ ಕಾರಣ ಆಮೇಲೆ ಶಾಲೆಯ ಪುಸ್ತಕದಲ್ಲಿ ಸಿಕ್ಕಿತು. ನೀರಿನಿಂದ ಗಾಳಿಗೆ ಬರುವ ಬೆಳಕು ಬಾಗುತ್ತದೆ, ನಾಲ್ಕು ಅಡಿ ಆಳದ ಮೀನು ನೇರ ಮೇಲಿನಿಂದ ನೋಡಿದರೂ ಮೂರೇ ಅಡಿಯಲ್ಲಿ ಇದ್ದಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಮೋಸ. ಬಿಲ್ಲು ಹಿಡಿದು ಮೀನು ಹೊಡೆಯುವ ಅಮೆರಿಕದವರೂ ಹೊಸಬರಿಗೆ ಮೊದಲು ಹೇಳಿಕೊಡುವುದು ಇದನ್ನೇ, ಗುರಿ ಕೆಳಗಿಡು ಎಂದು. (ದ್ರುಪದನ ಸಭೆಯಲ್ಲಿ ಅರ್ಜುನನಿಗೆ ಈ ತಾಪತ್ರಯ ಇರಲಿಲ್ಲ. ಅವನ ಮೀನು ಮೇಲೆ ಗಾಳಿಯಲ್ಲಿತ್ತು, ಕೆಳಗಿನ ನೀರು ಬರೀ ಕನ್ನಡಿ. ಮೇಲಾಗಿ ಆ ಮೀನಿಗೆ ಜೀವವೂ ಇರಲಿಲ್ಲ.)

ಆದರೆ ಕಣ್ಣಿಗೆ ಸಿಗದಿರುವುದು ಮೀನಿರುವ ಜಾಗವೊಂದೇ ಅಲ್ಲ. ಬೆಳಕಿನ ವೃತ್ತದೊಳಗೆ ಕಪ್ಪು ಬೆನ್ನೊಂದು ಅಲುಗಿದಾಗ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗ ಇರುವುದಿಲ್ಲ. ಅದು ಗಂಡೋ ಹೆಣ್ಣೋ, ಮೊಟ್ಟೆ ಇಟ್ಟು ಇಳಿಯುತ್ತಿದೆಯೋ ಇಡಲು ಹತ್ತುತ್ತಿದೆಯೋ, ಆ ಹಳ್ಳದಲ್ಲಿ ಅಂಥವು ಇನ್ನೆಷ್ಟು ಉಳಿದಿವೆಯೋ, ಯಾವುದೂ ಹೊಳೆಯುವುದಿಲ್ಲ. ಹೊಡೆಯುವವನು ಕೆಟ್ಟವನೆಂದಲ್ಲ, ಆ ಗಳಿಗೆಯೇ ಅಂಥದ್ದು. ಕತ್ತಿ ಎತ್ತಿದ ಕೈಗೆ ಲೆಕ್ಕ ಹಾಕುವ ಕೆಲಸ ಕೊಡಲಾಗದು. ಲೆಕ್ಕ ಹಗಲಿನಲ್ಲಿ, ದಡದ ಮೇಲೆ, ಹೊಟ್ಟೆ ತುಂಬಿದವರು ಕೂತು ಹಾಕಿ ಮುಗಿಸಿರಬೇಕಾದ್ದು.

ಹಾಗೆ ಲೆಕ್ಕ ಹಾಕಿದವರು ಎಲ್ಲಿದ್ದಾರೆಂದು ಹುಡುಕುತ್ತ ಓದಿದಾಗ ನನಗೆ ಸಿಕ್ಕಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯ. ಅಲ್ಲಿ ಎರಡು ಬಗೆಯ ಈಟಿ ಬೇಟೆಗಳಿವೆ. ಒಂದಕ್ಕೆ ಊರೆಲ್ಲ ಜಾತ್ರೆ, ಇನ್ನೊಂದಕ್ಕೆ ಬಿದ್ದದ್ದು ಕಲ್ಲು.

ಜಾತ್ರೆಯದು ವಿನ್ನೆಬೇಗೊ ಸರೋವರದ ಸ್ಟರ್ಜನ್ ಮೀನಿನ ಬೇಟೆ. ಫೆಬ್ರುವರಿಯ ಎರಡನೆಯ ಶನಿವಾರ ಶುರು. ಸರೋವರ ಹೆಪ್ಪುಗಟ್ಟಿರುತ್ತದೆ, ಅದರ ಮೇಲೆ ಸಾವಿರಾರು ಪುಟ್ಟ ಗುಡಿಸಲುಗಳು ಏಳುತ್ತವೆ. ಒಳಗೆ ಮಂಜುಗಡ್ಡೆಯನ್ನು ಗರಗಸದಿಂದ ಕತ್ತರಿಸಿ ಬಾಗಿಲಿನಷ್ಟು ದೊಡ್ಡ ಕಂಡಿ ಮಾಡುತ್ತಾರೆ. ಗುಡಿಸಲಿನಲ್ಲಿ ಬೆಳಕಿಲ್ಲದ್ದರಿಂದ ಕೆಳಗಿನ ನೀರು ತಿಳಿಯಾಗಿ ಹೊಳೆಯುತ್ತದೆ. ತಳದ ಕೆಸರಿನ ಮೇಲೆ ಬಿಳಿ ಕೊಳವೆಯನ್ನೋ ಮೊಟ್ಟೆಯ ಚಿಪ್ಪನ್ನೋ ಹಾಕಿರುತ್ತಾರೆ, ಹಾದುಹೋಗುವ ಮೀನು ಎದ್ದು ಕಾಣಲಿ ಎಂದು. ಮರದ ಬಣ್ಣಬಣ್ಣದ ಬೊಂಬೆಮೀನೊಂದು ದಾರದಲ್ಲಿ ತಿರುಗುತ್ತಿರುತ್ತದೆ. ಬೇಟೆಗಾರ ಕಂಡಿಯ ಅಂಚಿನಲ್ಲಿ ಕೂತು ಕೆಳಗೆ ನೋಡುತ್ತಾನೆ. ನೇರ ಕೆಳಗೆ ನೋಡುವುದರಿಂದ ಓರೆನೋಟದ ಮೋಸ ಅವನಿಗಿಲ್ಲ. ಬೇಕಾದದ್ದು ತಾಳ್ಮೆ. ಪ್ರತಿವರ್ಷ ಬರಿಗೈಲಿ ಮನೆಗೆ ಹೋಗುವವರೇ ಬಹಳ, ಎಷ್ಟೋ ವರ್ಷ ಕೂತು ಒಂದು ಮೀನನ್ನೂ ಕಾಣದವರೂ ಇದ್ದಾರೆ. ಕಂಡವರಿಗೆ ಸಿಗುವುದೂ ಸಣ್ಣ ಮೀನಲ್ಲ. 2010ರಲ್ಲಿ ಹೊಡೆದ ಒಂದು ಸ್ಟರ್ಜನ್ ಏಳು ಅಡಿ ಉದ್ದವಿತ್ತು, ತೂಕ 96 ಕಿಲೊ.

ಇಷ್ಟು ಜನ ಈಟಿ ಹಿಡಿದು ಕೂತರೆ ಮೀನು ಉಳಿಯುವುದು ಹೇಗೆ? ಅದೂ ಇದು ಬೇಗ ಹುಟ್ಟಿ ಬೇಗ ಬೆಳೆಯುವ ಮೀನಲ್ಲ. ಹೆಣ್ಣು ಸ್ಟರ್ಜನ್ ಮೊದಲ ಸಲ ಮೊಟ್ಟೆಯಿಡಲು ಇಪ್ಪತ್ತು ಇಪ್ಪತ್ತೈದು ವರ್ಷ ಬೇಕು. ಆಮೇಲೂ ಪ್ರತಿವರ್ಷ ಇಡುವುದಿಲ್ಲ, ಮೂರು ನಾಲ್ಕು ವರ್ಷಕ್ಕೊಮ್ಮೆ. ನೂರು ದಾಟಿ ಬದುಕಬಲ್ಲದು. ಇಂಥದ್ದೊಂದನ್ನು ಹೊಡೆದರೆ ಆ ಜಾಗ ತುಂಬಲು ಒಂದು ತಲೆಮಾರು ಹಿಡಿಯುತ್ತದೆ. ವಿಸ್ಕಾನ್ಸಿನ್‌ನವರು ಇದನ್ನು ಕೆಟ್ಟು ಕಲಿತವರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಿಕ್ಕಸಿಕ್ಕಂತೆ ಹಿಡಿದು ಮುಗಿಸುತ್ತ ಬಂದು, 1915ರಲ್ಲಿ ಬೇಟೆಯನ್ನೇ ನಿಲ್ಲಿಸಬೇಕಾಯಿತು. 1930ರ ದಶಕದ ಆರಂಭದಲ್ಲಿ ಮತ್ತೆ ಬಿಟ್ಟಾಗ ಕಟ್ಟುಪಾಡುಗಳೊಂದಿಗೆ ಬಿಟ್ಟರು. 1955ರಿಂದ ಹೊಡೆದ ಪ್ರತಿಯೊಂದು ಮೀನನ್ನೂ ನೋಂದಣಿ ಕೇಂದ್ರಕ್ಕೆ ತಂದು ತೋರಿಸಬೇಕು. ವರ್ಷಕ್ಕೆ ಒಬ್ಬರಿಗೆ ಒಂದೇ ಮೀನು, ಮೂರು ಅಡಿಗಿಂತ ಕಡಿಮೆ ಇರುವಂತಿಲ್ಲ. ಪ್ರಾಯದ ಹೆಣ್ಣು, ಎಳೆಯ ಹೆಣ್ಣು, ಗಂಡು ಎಂದು ಬೇರೆಬೇರೆ ಮಿತಿ. ಹದಿನಾರು ದಿನದ ಬೇಟೆ ಎಂದು ಕಾಗದದಲ್ಲಿದ್ದರೂ ಯಾವುದೊಂದು ಮಿತಿ ತುಂಬುತ್ತ ಬಂದರೂ ಇಡೀ ಸರೋವರದ ಬೇಟೆ ನಿಲ್ಲುತ್ತದೆ. ನೀರು ತಿಳಿಯಾಗಿದ್ದ ವರ್ಷ ಕೆಲವೇ ದಿನದಲ್ಲಿ ಮುಗಿದು, ಗುಡಿಸಲು ಕಟ್ಟಿದ ಶ್ರಮವೇ ದಂಡವಾದದ್ದೂ ಉಂಟು. ಆದರೂ ಬೇಟೆಗಾರರು ಒಪ್ಪಿಕೊಂಡಿದ್ದಾರೆ. ಅವರದೇ ಸಂಘವೊಂದು 1977ರಿಂದ ಮೀನಿನ ಸಂಶೋಧನೆಗೆ ಹಣ ಕೂಡಿಸುತ್ತಿದೆ. ಇಂದು ಲೋಕದಲ್ಲಿ ಸರೋವರ ಸ್ಟರ್ಜನ್‌ನ ದೊಡ್ಡ ಸಂತತಿಗಳಲ್ಲಿ ಒಂದು ಇಲ್ಲೇ ಇದೆ.

ಇನ್ನೊಂದು ಬೇಟೆ ಅದೇ ರಾಜ್ಯದ ಉತ್ತರದಲ್ಲಿ, ಒಜಿಬ್ವೆ ಮೂಲನಿವಾಸಿಗಳದು. ಏಪ್ರಿಲ್‌ನಲ್ಲಿ ಮಂಜುಗಡ್ಡೆ ಕರಗಿದ ಕೂಡಲೆ ವಾಲೈ ಮೀನು ಮೊಟ್ಟೆಯಿಡಲು ಕಲ್ಲುಗರಸಿನ ಆಳವಿಲ್ಲದ ನೀರಿಗೆ ಬರುತ್ತದೆ. ರಾತ್ರಿ ದೋಣಿಯಲ್ಲಿ ದೀಪ ಹಿಡಿದು ಹೊರಟರೆ ಅದರ ಕಣ್ಣು ಬೆಳಕಿಗೆ ಹೊಳೆಯುತ್ತದೆ, ಉದ್ದನೆಯ ಈಟಿಯಿಂದ ಚುಚ್ಚಿ ಎತ್ತುತ್ತಾರೆ. ಹಳೆಯ ಕಾಲದಲ್ಲಿ ಬರ್ಚ್ ಮರದ ತೊಗಟೆಯ ಪಂಜು ಇತ್ತು, ಫ್ರೆಂಚರು ಅಲ್ಲಿನ ಒಂದು ಊರಿಗೆ ಪಂಜಿನ ಸರೋವರ ಎಂದೇ ಹೆಸರಿಟ್ಟರು. ಓದುತ್ತ ನನಗೆ ನಮ್ಮ ಗದ್ದೆಗಳೇ ಕಣ್ಣೆದುರು ಬಂದವು. ಅದೇ ರಾತ್ರಿ, ಅದೇ ಬೆಳಕು, ಮೊಟ್ಟೆಯಿಡಲು ಬಂದದ್ದನ್ನೇ ಹೊಡೆಯುವ ಅದೇ ರೀತಿ.

1837 ಮತ್ತು 1842ರ ಒಪ್ಪಂದಗಳಲ್ಲಿ ಒಜಿಬ್ವೆಗಳು ನೆಲ ಬಿಟ್ಟುಕೊಟ್ಟಾಗ ಆ ನೆಲದಲ್ಲಿ ಬೇಟೆ, ಮೀನು, ಕಾಡುಭತ್ತದ ಹಕ್ಕನ್ನು ಉಳಿಸಿಕೊಂಡಿದ್ದರು. ರಾಜ್ಯ ಸರ್ಕಾರ ಅದನ್ನು ಮರೆತು ನೂರು ವರ್ಷ ಅವರನ್ನು ಹಿಡಿದು ದಂಡ ಹಾಕುತ್ತ ಬಂತು. 1974ರಲ್ಲಿ ಲಾ ಕೂ ಡರೇ ಪಂಗಡದ ಟ್ರಿಬಲ್ ಸಹೋದರರು ಬೇಕೆಂದೇ ತಮ್ಮ ಮೀಸಲು ಪ್ರದೇಶದ ಗಡಿಯ ಆಚೆ ಈಟಿ ಹಿಡಿದು ಬಂಧನಕ್ಕೊಳಗಾದರು. ಮೊಕದ್ದಮೆ ಒಂಬತ್ತು ವರ್ಷ ನಡೆಯಿತು. 1983ರಲ್ಲಿ ಸಂಯುಕ್ತ ಮೇಲ್ಮನವಿ ನ್ಯಾಯಾಲಯ ಹಕ್ಕು ಇನ್ನೂ ಜೀವಂತವಾಗಿದೆ ಎಂದಿತು.

ಆಮೇಲಿನ ಕೆಲವು ವಸಂತಗಳು ಭಯಾನಕ. ದೋಣಿ ಇಳಿಸುವ ಕಟ್ಟೆಗಳಲ್ಲಿ ಈಟಿ ಬೇಟೆಯನ್ನು ವಿರೋಧಿಸುವ ನೂರಾರು ಜನ ಸೇರಿ ಕೂಗಿದರು, ಕಲ್ಲೆಸೆದರು, ದೊಡ್ಡ ಮೋಟಾರು ದೋಣಿಗಳಲ್ಲಿ ಅಲೆಯೆಬ್ಬಿಸಿ ಈಟಿಯವರ ದೋಣಿ ಮಗುಚಲು ನೋಡಿದರು. ವಾಲೈ ಮೀನನ್ನು ಉಳಿಸಲು ಬಸುರಿ ಇಂಡಿಯನ್ ಹೆಂಗಸನ್ನು ಚುಚ್ಚಿ ಎನ್ನುವ ಅರ್ಥದ ಫಲಕ ಹಿಡಿದವರೂ ಇದ್ದರು. ಮೊಟ್ಟೆ ತುಂಬಿದ ಮೀನನ್ನು ಕೊಲ್ಲುತ್ತಾರೆ ಎನ್ನುವ ದಯೆಯ ಮಾತು ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. 1991ರಲ್ಲಿ ನ್ಯಾಯಾಧೀಶೆ ಬಾರ್ಬರಾ ಕ್ರ್ಯಾಬ್ ಅಡ್ಡಿಪಡಿಸುವವರ ವಿರುದ್ಧ ತಡೆಯಾಜ್ಞೆ ಕೊಟ್ಟ ಮೇಲೆ ಗಲಾಟೆ ಇಳಿಯಿತು.

ಗಾಳದವರ ಕಡೆ ಒಂದು ನಿಜವಾದ ದೂರೂ ಇತ್ತು, ಅದನ್ನು ಮುಚ್ಚಿಡಬಾರದು. ಒಜಿಬ್ವೆಗಳು ಹಕ್ಕು ಹೇಳಿದ ಸರೋವರಗಳಲ್ಲಿ ದಿನಕ್ಕೆ ಐದು ಮೀನು ಹಿಡಿಯುತ್ತಿದ್ದವರಿಗೆ ಎರಡೋ ಮೂರೋ ಎಂದಾಯಿತು. ಗಾಳದ ಪ್ರವಾಸಿಗಳನ್ನೇ ನಂಬಿದ ವಸತಿಗೃಹದವರಿಗೆ ಹೊಟ್ಟೆಯ ಚಿಂತೆ. ಆದರೆ ಕೂಗಿದ್ದು ಅದಕ್ಕಲ್ಲ, ಈಟಿಗೆ. ಫೆಬ್ರುವರಿಯಲ್ಲಿ ವಿನ್ನೆಬೇಗೊದಲ್ಲಿ ಮೆಚ್ಚುಗೆ ಪಡೆದ ಆಯುಧವೇ ಏಪ್ರಿಲ್‌ನಲ್ಲಿ ಉತ್ತರಕ್ಕೆ ಬಂದಾಗ ಅನಾಗರಿಕವಾಯಿತು. ಹಿಡಿದ ಕೈ ಯಾರದೆಂದು ನೋಡಿ ಆಯುಧದ ಗುಣ ಹೇಳಿದರು. ವಿನ್ನೆಬೇಗೊದ ಸ್ಟರ್ಜನ್ ಕೂಡ ಮೊದಲು ಮೆನಾಮಿನಿ ಮೂಲನಿವಾಸಿಗಳ ಮೀನು. 1890ರ ದಶಕದಲ್ಲಿ ವುಲ್ಫ್ ನದಿಗೆ ಕಟ್ಟಿದ ಅಣೆಕಟ್ಟಿನಿಂದ ಅದು ಅವರ ಊರಿನ ಜಲಪಾತಕ್ಕೆ ಬರುವುದು ನಿಂತುಹೋಯಿತು.

ಕೂಗಿದವರಿಗೆ ಗೊತ್ತಿಲ್ಲದ, ಅಥವಾ ಗೊತ್ತಾಗುವುದು ಬೇಡವಾಗಿದ್ದ ಸಂಗತಿಯೆಂದರೆ ಅಲ್ಲಿನ ಲೆಕ್ಕ. ಒಜಿಬ್ವೆ ಪಂಗಡಗಳು 1984ರಲ್ಲಿ ತಮ್ಮದೇ ಮೀನು ಮತ್ತು ವನ್ಯಜೀವಿ ಆಯೋಗ ಕಟ್ಟಿಕೊಂಡು ಜೀವಶಾಸ್ತ್ರಜ್ಞರನ್ನು ನೇಮಿಸಿಕೊಂಡಿದ್ದವು. ಪ್ರತಿ ಸರೋವರದಲ್ಲಿ ಎಷ್ಟು ಮೀನಿದೆಯೆಂಬ ಅಂದಾಜಿನಿಂದ ಒಂದು ಮಿತಿ. ಈಟಿ ಹಿಡಿದವನಿಗೆ ಆ ರಾತ್ರಿಗೆ, ಆ ಸರೋವರಕ್ಕೆ, ಇಷ್ಟೇ ಮೀನಿಗೆ ಎಂದು ಬರೆದ ಪರವಾನಗಿ. ಇಪ್ಪತ್ತು ಇಂಚಿಗಿಂತ ದೊಡ್ಡ ಮೀನು ಎರಡಕ್ಕಿಂತ ಹೆಚ್ಚು ತರುವಂತಿಲ್ಲ, ಏಕೆಂದರೆ ದೊಡ್ಡವು ಹೆಚ್ಚಾಗಿ ಹೆಣ್ಣು. ದಡಕ್ಕೆ ಬಂದ ಕೂಡಲೆ ಒಂದೊಂದು ಮೀನನ್ನೂ ಎಣಿಸಿ, ಅಳೆದು, ಗಂಡೋ ಹೆಣ್ಣೋ ನೋಡಿ ಬರೆದುಕೊಳ್ಳುತ್ತಾರೆ. ಮಿತಿ ಮುಟ್ಟಿತೆಂದರೆ ಆ ಸರೋವರ ಬಂದ್. ಆ ಪಟ್ಟಿಗಳಲ್ಲಿ ಬಹುಪಾಲು ಗಂಡು ಮೀನು. ಗಂಡುಗಳು ಮೊದಲೇ ಬಂದು ದಡದ ನೀರಿನಲ್ಲಿ ಕಾಯುತ್ತವೆ, ಹೆಣ್ಣು ಬಂದು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಸಂಯುಕ್ತ ಸರ್ಕಾರ, ರಾಜ್ಯ, ಪಂಗಡಗಳು ಮೂವರೂ ಸೇರಿ ಅಧ್ಯಯನ ಮಾಡಿ 1991ರಲ್ಲಿ ವರದಿ ಕೊಟ್ಟರು. ಈಟಿಯಿಂದ ಮೀನಿನ ಸಂತತಿಗೆ ಧಕ್ಕೆಯಾಗಿಲ್ಲ ಎಂದಿತ್ತು ಅದರಲ್ಲಿ. ಗಾಳದವರು ಹಿಡಿಯುತ್ತಿದ್ದುದು ಇವರಿಗಿಂತ ಎಷ್ಟೋ ಪಾಲು ಹೆಚ್ಚು, ಮತ್ತು ಅದನ್ನು ಯಾರೂ ಒಂದೊಂದಾಗಿ ಎಣಿಸುತ್ತಿರಲಿಲ್ಲ.

ಇಲ್ಲಿಗೆ ಬಂದಾಗ ನಾನು ಮೊದಲು ಹೇಳಿದ ಗಾಳದವನ ಸವಲತ್ತೂ ಸ್ವಲ್ಪ ಅಲುಗಾಡುತ್ತದೆ. ಬಿಟ್ಟ ಮೀನೆಲ್ಲ ಬದುಕುತ್ತದೆಯೇ? ಕೊಕ್ಕೆ ಗಂಟಲಿಗೆ ಇಳಿದಿದ್ದರೆ, ನೀರು ಬಿಸಿಯಾಗಿದ್ದರೆ, ಒಂದಷ್ಟು ಸಾಯುತ್ತವೆ. ಪಕ್ಕದ ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಸರೋವರದಲ್ಲಿ ಹೀಗೆ ಬಿಟ್ಟ ಮೇಲೆ ಸಾಯುವ ವಾಲೈಗಳನ್ನೂ ಅಂದಾಜು ಮಾಡಿ ಗಾಳದವರ ಪಾಲಿಗೇ ಸೇರಿಸುತ್ತಾರೆ. ಮೀನು ಮನೆಗೆ ಒಯ್ಯದಿದ್ದರೂ ಅವರ ಖಾತೆಗೆ ಸಾವು ಬೀಳುತ್ತದೆ. ಈಟಿಯವನು ಕೊಂದದ್ದು ಕಣ್ಣಿಗೆ ಕಾಣುತ್ತದೆ, ಬಿಟ್ಟವನು ಕೊಂದದ್ದು ನೀರಿನ ತಳ ಸೇರುತ್ತದೆ.

ಇನ್ನು ಬಿಲ್ಲು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ವಾಲೈ, ಬಾಸ್‌ನಂಥ ಮರ್ಯಾದಸ್ಥ ಮೀನುಗಳಿಗೆ ಬಾಣ ಬಿಡುವಂತಿಲ್ಲ. ಹೊರಗಿನಿಂದ ಬಂದ ಕಾರ್ಪ್‌ಗೆ ಬಿಡಬಹುದು, ಅದರ ಜೊತೆಗೆ ಅಲ್ಲಿಯದೇ ಆದ ಗಾರ್, ಬಫೆಲೊ ಮೀನುಗಳಿಗೂ. ಇವನ್ನು ಕಸದ ಮೀನೆಂದು ಬಗೆದದ್ದರಿಂದ ಎಷ್ಟೋ ಕಡೆ ಮಿತಿಯೇ ಇರಲಿಲ್ಲ. ಜನರೇಟರ್ ಹೊತ್ತ ದೋಣಿ, ಸುತ್ತ ಪ್ರಖರ ದೀಪ, ರಾತ್ರಿಯಿಡೀ ಬಾಣ. ತಿನ್ನುವುದಕ್ಕಲ್ಲ, ಬೆಳಿಗ್ಗೆ ರಾಶಿ ಹಾಕಿ ಎಸೆಯುವುದೂ ಇತ್ತು. 2019ರಲ್ಲಿ ವಿಜ್ಞಾನಿಗಳು ಬಾಯಗಲದ ಬಫೆಲೊ ಮೀನಿನ ಕಿವಿಯೊಳಗಿನ ಸಣ್ಣ ಕಲ್ಲನ್ನು ಸೀಳಿ, ಮರದ ಉಂಗುರ ಎಣಿಸಿದಂತೆ ಎಣಿಸಿದರು. ಒಂದರ ವಯಸ್ಸು 112 ವರ್ಷ. ಕಸವೆಂದು ಎಸೆದವುಗಳಲ್ಲಿ ಎಸೆದವನ ಅಜ್ಜನಿಗಿಂತ ಹಿರಿಯವೂ ಇದ್ದವು. ಇಲ್ಲಿಯೂ ತಪ್ಪು ಬಾಣದ್ದೆಂದು ನನಗೆ ಅನ್ನಿಸುವುದಿಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮೀನು ಎಂದು ಯಾರೂ ಬಗೆಯದೆ ಇದ್ದದ್ದು ತಪ್ಪು.

ಈಗ ನಮ್ಮ ಹೊಳೆಗೆ ಬರೋಣ. ನಮ್ಮಲ್ಲಿ ಮೀನಿನ ಜೊತೆ ಎರಡೇ ಸಂಬಂಧ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಅದು ದೇವರ ಮೀನು, ಮಂಡಕ್ಕಿ ಹಾಕಿ ಕೈಮುಗಿಯುತ್ತೇವೆ. 1996ರಲ್ಲಿ ಶಿಶಿಲದ ಮೀನುಗಳಿಗೆ ಯಾರೋ ವಿಷ ಹಾಕಿದಾಗ ಊರವರು ದುಃಖಪಟ್ಟು ಸ್ಮಾರಕವನ್ನೇ ಕಟ್ಟಿದರು. ದೇವರ ಗಡಿ ದಾಟಿದರೆ ಅದೇ ಮೀನಿಗೆ ತೋಟೆಯಾದರೂ ಸರಿ, ವಿಷವಾದರೂ ಸರಿ. ಇವೆರಡನ್ನೂ ನಿಷೇಧಿಸಿದ ಕಾಯ್ದೆ 1897ರಿಂದಲೇ ಇದೆ. ಪೂಜೆಗೂ ಕೊಲೆಗೂ ನಡುವೆ ಎಣಿಸಿ ತಿನ್ನುವುದು ಎಂಬ ಒಂದು ದಾರಿಯಿದೆ. ಅದು ನಮಗೆ ರೂಢಿಯಾಗಲೇ ಇಲ್ಲ.

ಹಿಂದೆ ಹತ್ತುಮೀನಿಗೆ ಲೆಕ್ಕ ಬೇಕಿರಲಿಲ್ಲ ಎಂಬುದು ಒಂದು ಮಟ್ಟಿಗೆ ನಿಜ. ದೊಂದಿ ಮಳೆಗೆ ಆರುತ್ತಿತ್ತು, ಗ್ಯಾಸ್‌ಲೈಟಿನ ಮ್ಯಾಂಟಲ್ ಒಂದು ಹನಿ ಬಿದ್ದರೆ ಉದುರುತ್ತಿತ್ತು. ಬೆಳಕು ಸೋತಲ್ಲಿಗೆ ಶಿಕಾರಿ ಮುಗಿಯುತ್ತಿತ್ತು. ಈಗಿನ ಹಣೆಗೆ ಕಟ್ಟುವ ಎಲ್‌ಇಡಿ ಬ್ಯಾಟರಿ ಬೆಳಗಿನ ಜಾವದವರೆಗೂ ಸೋಲುವುದಿಲ್ಲ. ಒಂದು ಹಳ್ಳದಲ್ಲಿ ಮಳೆ ಬಂದ ಸುದ್ದಿ ಮೊಬೈಲಿನಲ್ಲಿ ಮುಂದಿನ ಪೇಟೆ ಮುಟ್ಟಿ ಜೀಪು ಹೊರಡುತ್ತದೆ. ಮೀನು ಹತ್ತುವ ದಾರಿಯಾಗಿದ್ದ ಗದ್ದೆಗಳಲ್ಲಿ ಅರ್ಧ ಅಡಿಕೆ ತೋಟವಾಗಿವೆ, ಉಳಿದ ದಾರಿಯಲ್ಲಿ ಮೀನೂ ಜನವೂ ಒಟ್ಟಿಗೇ ಸೇರುತ್ತಾರೆ. "ಮೊಟ್ಟೆ ಮೀನೇ ರುಚಿ ಕಣೋ" ಎನ್ನುವ ನಾಲಗೆ ಮಾತ್ರ ಬದಲಾಗಿಲ್ಲ.

ಕೇರಳದಲ್ಲೂ ಇದೇ ಬೇಟೆಯಿದೆ, ಅಲ್ಲಿ ಊತ್ತ ಅನ್ನುತ್ತಾರೆ. 2010ರ ಒಳನಾಡು ಮೀನುಗಾರಿಕೆ ಕಾಯ್ದೆಯ ಪ್ರಕಾರ ಅಲ್ಲಿ ಮೊಟ್ಟೆಯಿಡಲು ಹೊರಟ ಮೀನಿನ ದಾರಿಗೆ ಅಡ್ಡ ಕಟ್ಟಿ ಹಿಡಿಯುವುದು ಅಪರಾಧ. ನನಗೆ ಪೂರ್ತಿ ನಿಷೇಧದಲ್ಲಿ ಅಷ್ಟು ನಂಬಿಕೆಯಿಲ್ಲ. ಮಳೆಗಾಲದ ಒಂದು ರಾತ್ರಿ ಮನೆಮಂದಿಗೆ ಸಾಕಾಗುವಷ್ಟು ಮೀನು ತರುವವನನ್ನೂ ಬುಟ್ಟಿಗಟ್ಟಲೆ ಪೇಟೆಗೆ ಸಾಗಿಸುವವನನ್ನೂ ಅದು ಒಂದೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಎಣಿಸುವ ಅಭ್ಯಾಸವನ್ನಂತೂ ಕಲಿಸುವುದಿಲ್ಲ. ಒಜಿಬ್ವೆಗಳನ್ನು ಕಾಪಾಡಿದ್ದು ನ್ಯಾಯಾಲಯ ಮಾತ್ರವಲ್ಲ, ರಾತ್ರಿ ದಡದಲ್ಲಿ ಅಳತೆಪಟ್ಟಿ ಹಿಡಿದು ನಿಂತವರು ಬರೆದ ಆ ಪಟ್ಟಿಗಳು ಕೂಡ. ತಾವು ಎಷ್ಟು ಕೊಂದೆವೆಂದು ಹೇಳಬಲ್ಲವರಾಗಿದ್ದರಿಂದ ಉಳಿದವರ ಬಾಯಿ ಮುಚ್ಚಿತು.

ಈ ಸಲ ಮೃಗಶಿರ ಹಿಡಿದಾಗ ಕತ್ತಿ ಬ್ಯಾಟರಿ ಹಿಡಿದು ಹಳ್ಳಕ್ಕಿಳಿಯುವವರು ಹೊರಡುವ ಮೊದಲೇ ಎಷ್ಟು ಮೀನು ಸಾಕೆಂದು ಮಾತಾಡಿಕೊಳ್ಳಿ. ಬಂದ ಮೇಲೆ ಯಾವ ಹಳ್ಳ, ಯಾವ ಮೀನು, ಎಷ್ಟು, ಎಷ್ಟರ ಹೊಟ್ಟೆಯಲ್ಲಿ ಮೊಟ್ಟೆಯಿತ್ತು ಎಂದು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಐದಾರು ಮಳೆಗಾಲ ಕಳೆದ ಮೇಲೆ ಆ ಪುಸ್ತಕವನ್ನು ಪಂಚಾಯ್ತಿ ಸಭೆಗೆ ತನ್ನಿ. ಹಳ್ಳದಲ್ಲಿ ಮೀನು ಕಡಿಮೆಯಾಗಿದೆಯೇ ಎಂಬ ಪ್ರಶ್ನೆಗೆ ನಮ್ಮೂರಿನಲ್ಲಿ ಇವತ್ತು ಉತ್ತರ ಹೇಳಬಲ್ಲ ಒಂದು ಕಾಗದವೂ ಇಲ್ಲ.